ಪಿಪ್‌ನಲ್ಲಿ ಬೈನರಿ ಲೈಬ್ರರಿ ಕೊಡುವಾಗ ಒಳಗಿನ ಓಪನ್ ಸೋರ್ಸ್‌ಗೆ ಯಾರು ಹೊಣೆ?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ಚಿಕ್ಕ ಸಾಫ್ಟ್‌ವೇರ್ ಕಂಪನಿ. ವಿಡಿಯೊದಿಂದ ಫ್ರೇಮ್ ತೆಗೆದು ಅದರಲ್ಲಿರುವ ವಸ್ತುಗಳ ಅಳತೆ ಹೇಳುವ ಲೈಬ್ರರಿಯನ್ನು ಸಿ++ನಲ್ಲಿ ಬರೆದಿದ್ದೇವೆ. ಪೈಥಾನ್‌ನಿಂದ ಬಳಸಬಹುದು, ಪಿಪ್ ಎಂಬ ಇನ್‌ಸ್ಟಾಲ್ ಸಾಧನದ ಮೂಲಕ ಕೊಡುತ್ತೇವೆ. ಸೋರ್ಸ್ ಕೊಡುವುದಿಲ್ಲ, ಬೈನರಿ (ಕಂಪೈಲ್ ಆದ ಫೈಲ್) ಮಾತ್ರ. ಒಳಗೆ ವಿಡಿಯೊಗೆ ಎಫ್‌ಎಫ್‌ಎಂಪೆಗ್, ಜೆಪೆಗ್ ಚಿತ್ರಕ್ಕೆ ಲಿಬ್‌ಜೆಪೆಗ್-ಟರ್ಬೊ, ಗಣಿತಕ್ಕೆ ಐಗನ್ ಎಂಬ ಓಪನ್ ಸೋರ್ಸ್ ಲೈಬ್ರರಿಗಳಿವೆ. ಲೈಸೆನ್ಸ್ ಕೀ ಪರಿಶೀಲಿಸಲು ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿ ಕೂಡ ಇದೆ. ಉಬುಂಟು 22.04ರಲ್ಲಿ ಬಿಲ್ಡ್ ಮಾಡಿ, ಬೇಕಾದ ಶೇರ್ಡ್ ಲೈಬ್ರರಿಗಳನ್ನೆಲ್ಲ ಕೈಯಿಂದಲೇ ವೀಲ್ (ಪಿಪ್ ಇನ್‌ಸ್ಟಾಲ್ ಮಾಡುವ ಪ್ಯಾಕೇಜ್ ಫೈಲ್) ಒಳಗೆ ಕಾಪಿ ಮಾಡಿದೆವು. ವೀಲ್ ನೂರು ಎಂಬಿ ದಾಟಿತು. ಒಬ್ಬ ಗ್ರಾಹಕರಿಗೆ ಪರೀಕ್ಷೆಗೆ ಕೊಟ್ಟಾಗ ಅವರ ರೆಡ್ ಹ್ಯಾಟ್ 8 ಯಂತ್ರದಲ್ಲಿ ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಎಂಬ ದೋಷ ಬಂತು. ಇದಕ್ಕೇನು ಪರಿಹಾರ? ಓಪನ್ ಸೋರ್ಸ್ ಬಳಸಿದ್ದಕ್ಕೆ ನಮ್ಮ ಸೋರ್ಸ್ ಕೊಡಬೇಕಾ? ಪೈಥಾನ್ ಪ್ಯಾಕೇಜ್‌ಗಳ ಸಾರ್ವಜನಿಕ ಭಂಡಾರವಾದ ಪೈಪಿಐಗೆ ಹಾಕುವುದೋ, ನಮ್ಮದೇ ಸರ್ವರ್ ಇಡುವುದೋ?

ಉತ್ತರ: ನಿಮಗೆ ತಲೆನೋವಾಗಿರುವುದು ಜಿಲಿಬ್‌ಸಿ, ಅಂದರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿ. ಅದು ಸುಲಭದ ಕೆಲಸ, ಆಮೇಲೆ ಹೇಳುತ್ತೇನೆ. ನನಗೆ ಚಿಂತೆ ಹುಟ್ಟಿಸಿದ್ದು ಆ ನೂರು ಎಂಬಿ.

ವೀಲ್ ಎಂದರೆ ಬರೀ ಒಂದು ಜಿಪ್ ಫೈಲ್. ನಿಮ್ಮದನ್ನು ಬಿಚ್ಚಿ, ಒಳಗಿರುವ ಶೇರ್ಡ್ ಲೈಬ್ರರಿಗಳ ಹೆಸರು ಒಂದೊಂದಾಗಿ ಓದಿ. ನೀವು ಹೇಳಿದ ನಾಲ್ಕೇ ಇರುವುದಿಲ್ಲ. ಎಕ್ಸ್264, ಎಕ್ಸ್265 ಎಂಬ ಎರಡು ಹೆಸರು ಖಂಡಿತ ಸಿಗುತ್ತವೆ. ಅವೆರಡೂ ಜಿಪಿಎಲ್ ಲೈಸೆನ್ಸಿನವು, ಅಂದರೆ ಜೊತೆಗೆ ಸೇರಿಸಿ ಹಂಚುವ ಕೋಡ್‌ನ ಸೋರ್ಸನ್ನೂ ಕೇಳುವಂಥವು. ನೀವು ಅವನ್ನು ಕೇಳಿರಲಿಲ್ಲ, ಉಬುಂಟುವಿನ ಎಫ್‌ಎಫ್‌ಎಂಪೆಗ್ ಜೊತೆಗೆ ಬಂದಿವೆ.

ಎಫ್‌ಎಫ್‌ಎಂಪೆಗ್‌ನ ಮೂಲ ಲೈಸೆನ್ಸ್ ಎಲ್‌ಜಿಪಿಎಲ್ 2.1 ಅಥವಾ ನಂತರದ್ದು. ಅದು ಜಿಪಿಎಲ್‌ಗಿಂತ ಸಡಿಲ, ನಿಮ್ಮ ಸೋರ್ಸ್ ಕೇಳುವುದಿಲ್ಲ. ಆದರೆ ಬಿಲ್ಡ್ ಮಾಡುವಾಗ ‘ಎನೇಬಲ್ ಜಿಪಿಎಲ್’ ಎಂಬ ಆಯ್ಕೆ ಹಾಕಿದರೆ ಇಡೀ ಲೈಬ್ರರಿ ಜಿಪಿಎಲ್ ಆಗುತ್ತದೆ. ಎಕ್ಸ್264 ಸೇರಿಸಬೇಕಾದರೆ ಆ ಆಯ್ಕೆ ಹಾಕಲೇಬೇಕು. ಡೆಬಿಯನ್, ಉಬುಂಟು ಎರಡೂ ಅದನ್ನು ಹಾಕಿಯೇ ಬಿಲ್ಡ್ ಮಾಡುತ್ತವೆ. ಅವರಿಗೆ ತೊಂದರೆ ಇಲ್ಲ, ಎಲ್ಲದರ ಸೋರ್ಸ್ ಅವರೇ ಕೊಡುತ್ತಾರಲ್ಲ. ಅದೇ ಫೈಲ್ ನಿಮ್ಮ ಮುಚ್ಚಿದ ಕೋಡ್‌ಗೆ ಲಿಂಕ್ ಆಗಿ, ಒಂದೇ ವೀಲ್‌ನಲ್ಲಿ ಗ್ರಾಹಕರ ಕೈ ಸೇರಿದಾಗ ಕತೆ ಬೇರೆ. ‘ನಮ್ಮ ಸೋರ್ಸ್ ಕೊಡಬೇಕಾ’ ಎಂದು ಕೇಳಿದ್ದೀರಿ. ನಿಮ್ಮ ಲೈಬ್ರರಿಗೆ ಹಾಗೆ ಕೊಡುವ ಅಗತ್ಯವಿಲ್ಲ. ಆದರೆ ಈಗ ನೀವು ಕಟ್ಟಿರುವ ಈ ವೀಲ್‌ಗೆ ಜಿಪಿಎಲ್ ಕೇಳುವುದು ಅದನ್ನೇ.

ಅನುಮಾನ ಇದ್ದರೆ ಪರೀಕ್ಷಿಸುವುದು ಸುಲಭ. ಎಫ್‌ಎಫ್‌ಎಂಪೆಗ್‌ನ ಲಿಬ್‌ಎವಿಕೊಡೆಕ್ ಒಳಗೆ ತನ್ನ ಲೈಸೆನ್ಸ್ ಯಾವುದೆಂದು ತಾನೇ ಹೇಳುವ ಫಂಕ್ಷನ್ ಒಂದಿದೆ, ‘ಎವಿಕೊಡೆಕ್ ಲೈಸೆನ್ಸ್’ ಅಂತ. ನಿಮ್ಮ ವೀಲ್‌ನಲ್ಲಿರುವ ಫೈಲ್‌ನಿಂದಲೇ ಅದನ್ನು ಕರೆದು ನೋಡಿ. ಎಲ್‌ಜಿಪಿಎಲ್ ಎಂದು ಬಂದರೆ ಸರಿ. ಜಿಪಿಎಲ್ ಎಂದು ಬಂದರೆ ಆ ಬಿಲ್ಡ್ ಬಿಸಾಡಿ. ‘ನಾನ್‌ಫ್ರೀ’ ಎಂಬ ಇನ್ನೊಂದು ಆಯ್ಕೆಯೂ ಇದೆ. ಅದನ್ನು ಹಾಕಿದ ಬೈನರಿಯನ್ನು ಯಾರಿಗೂ ಕೊಡುವಂತೆಯೇ ಇಲ್ಲ. ಈ ಪರೀಕ್ಷೆಯನ್ನು ನಿಮ್ಮ ಸಿಐನಲ್ಲೇ (ತಾನಾಗಿ ಬಿಲ್ಡ್, ಪರೀಕ್ಷೆ ನಡೆಸುವ ವ್ಯವಸ್ಥೆಯಲ್ಲೇ) ಸೇರಿಸಿಬಿಡಿ. ಮುಂದೆ ಯಾರೋ ಅವಸರದಲ್ಲಿ ಉಬುಂಟುವಿನ ಪ್ಯಾಕೇಜ್ ಸಾಧನವಾದ ಆ್ಯಪ್ಟ್‌ನಿಂದ ಎಳೆದು ಹಾಕಿದರೆ ಬಿಲ್ಡ್ ಅಲ್ಲೇ ನಿಲ್ಲಬೇಕು.

ಖುಷಿಯ ವಿಷಯ ಏನೆಂದರೆ ಎಕ್ಸ್264 ನಿಮಗೆ ಬೇಕಾಗಿಯೇ ಇಲ್ಲ. ಅದು ಎನ್‌ಕೋಡರ್, ಅಂದರೆ ವಿಡಿಯೊ ಬರೆಯುವುದಕ್ಕೆ. ನೀವು ಓದುತ್ತೀರಿ ಅಷ್ಟೇ ಅಲ್ವಾ? ಎಚ್.264, ಎಚ್ಇವಿಸಿ ಎಂಬ ಎರಡೂ ವಿಡಿಯೊ ಫಾರ್ಮ್ಯಾಟ್‌ಗಳಿಗೆ ಡಿಕೋಡರ್ (ಓದುವ ಭಾಗ) ಎಫ್‌ಎಫ್‌ಎಂಪೆಗ್ ಒಳಗೇ ಇದೆ, ಎಲ್‌ಜಿಪಿಎಲ್ ಅಡಿಯಲ್ಲೇ. ಆದ್ದರಿಂದ ಎಫ್‌ಎಫ್‌ಎಂಪೆಗ್ ಅನ್ನು ನೀವೇ ಬಿಲ್ಡ್ ಮಾಡಿ. ಮೊದಲು ‘ಡಿಸೇಬಲ್ ಎವೆರಿಥಿಂಗ್’ ಹಾಕಿ. ಆಮೇಲೆ ನಿಮ್ಮ ಗ್ರಾಹಕರ ಕ್ಯಾಮೆರಾಗಳು ಕೊಡುವ ಫಾರ್ಮ್ಯಾಟ್‌ಗಳನ್ನು ಓದಲು ಬೇಕಾದ ಭಾಗಗಳನ್ನು (ಡಿಕೋಡರ್, ಡಿಮಕ್ಸರ್, ಪಾರ್ಸರ್) ಮಾತ್ರ ಒಂದೊಂದಾಗಿ ತೆರೆಯಿರಿ. ನೂರು ಎಂಬಿಯ ವೀಲ್ ಕೆಲವೇ ಎಂಬಿಗೆ ಇಳಿಯುತ್ತದೆ. ಕೈಯಿಂದ ಮಾಡಲು ಬೇಜಾರಾದರೆ ಸಿ++ ಲೈಬ್ರರಿಗಳನ್ನು ಬಿಲ್ಡ್ ಮಾಡಿಕೊಡುವ ವಿಸಿಪಿಕೆಜಿ ಬಳಸಿ. ಅದರ ಎಫ್‌ಎಫ್‌ಎಂಪೆಗ್‌ನಲ್ಲಿ ಜಿಪಿಎಲ್ ಭಾಗ ಬೇರೆಯೇ ಆಯ್ಕೆ, ನೀವಾಗಿ ಕೇಳದಿದ್ದರೆ ಬರುವುದಿಲ್ಲ. ಪ್ರತಿ ಲೈಬ್ರರಿಯ ಕಾಪಿರೈಟ್ ಫೈಲನ್ನೂ ಅದು ಒಂದೆಡೆ ಇಟ್ಟುಕೊಡುತ್ತದೆ, ಮುಂದೆ ಅದು ಕೆಲಸಕ್ಕೆ ಬರುತ್ತದೆ. ಒಂದು ಎಚ್ಚರಿಕೆ: ಲಿನಕ್ಸ್‌ನಲ್ಲಿ ಅದು ತಾನಾಗಿ ಸ್ಟ್ಯಾಟಿಕ್ ಲೈಬ್ರರಿ ಕಟ್ಟುತ್ತದೆ, ಅಂದರೆ ನಿಮ್ಮ ಬೈನರಿಯೊಳಗೇ ಬೆರೆತುಹೋಗುವಂಥದ್ದು. ಎಫ್‌ಎಫ್‌ಎಂಪೆಗ್ ಮಾತ್ರ ಡೈನಮಿಕ್, ಅಂದರೆ ಬೇರೆಯೇ ಫೈಲ್ ಆಗಿರಲಿ. ಕಾರಣ ಮುಂದೆ ಬರುತ್ತದೆ.

(ಎಚ್.264, ಎಚ್ಇವಿಸಿಗೆ ಪೇಟೆಂಟ್ ಗೊಡವೆಯೂ ಇದೆ. ಅದಕ್ಕೂ ಕಾಪಿರೈಟ್ ಲೈಸೆನ್ಸಿಗೂ ಸಂಬಂಧ ಇಲ್ಲ. ಹೊರದೇಶದ ಗ್ರಾಹಕರಿದ್ದರೆ ವಕೀಲರನ್ನು ಕೇಳಿ.)

ಈಗ ಈ ಗೊಂದಲದ ಬೇರಿಗೆ ಬರೋಣ. ಆ್ಯಪ್ಟ್‌ನಲ್ಲಿ ಒಂದು ಪ್ಯಾಕೇಜ್ ‘ನನಗೆ ಲಿಬ್‌ಎಸ್‌ಎಸ್‌ಎಲ್ (ಓಪನ್‌ಎಸ್‌ಎಸ್‌ಎಲ್‌ನ ಭಾಗ) ಬೇಕು’ ಎಂದು ಹೇಳಬಹುದು. ಆ ಲೈಬ್ರರಿ ಬೇರೆಯೇ ಪ್ಯಾಕೇಜ್ ಆಗಿ ಬರುತ್ತದೆ. ಅದರ ಲೈಸೆನ್ಸ್, ಅದರ ಭದ್ರತಾ ತಿದ್ದುಪಡಿ ಎಲ್ಲ ಆ ಪ್ಯಾಕೇಜ್ ನೋಡಿಕೊಳ್ಳುವವರ ಹೊಣೆ. ಕಾಂಡಾ ಎಂಬ ಇನ್ನೊಂದು ಪ್ಯಾಕೇಜ್ ಸಾಧನದಲ್ಲೂ ಹೆಚ್ಚುಕಡಿಮೆ ಹೀಗೆಯೇ. ಪಿಪ್‌ಗೆ ಈ ಭಾಷೆ ಗೊತ್ತಿಲ್ಲ. ವೀಲ್‌ನ ಮೆಟಾಡೇಟಾದಲ್ಲಿ ಪೈಥಾನ್ ಪ್ಯಾಕೇಜ್‌ಗಳನ್ನು ಕೇಳಬಹುದೇ ಹೊರತು ಯಂತ್ರದ ಲೈಬ್ರರಿಗಳನ್ನಲ್ಲ. ಹಾಗಾಗಿ ಎಲ್ಲರೂ ಒಳಗೇ ತುಂಬುತ್ತಾರೆ. ತುಂಬಿದ ಕೂಡಲೇ ಆ ಲೈಬ್ರರಿಯ ವಿತರಕರು ನೀವೇ. ಮದುವೆ ಮನೆಯ ಅಡುಗೆ ಕಂಟ್ರಾಕ್ಟು ಹಿಡಿದ ಮೇಲೆ ಮೊಸರು ಕೆಟ್ಟಿದ್ದಕ್ಕೆ ಡೈರಿಯವರನ್ನು ತೋರಿಸಿದರೆ ಬೀಗರು ಒಪ್ಪುತ್ತಾರಾ?

ಆದ್ದರಿಂದ ಪ್ರತಿಯೊಂದು ಡಿಪೆಂಡೆನ್ಸಿಗೂ (ನಿಮ್ಮ ಕೋಡ್ ನೆಚ್ಚಿಕೊಂಡ ಲೈಬ್ರರಿಗೂ) ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇದರ ಹೊಣೆ ಯಾರದು’ ಎಂಬುದು. ಗ್ರಾಹಕರ ಆಪರೇಟಿಂಗ್ ಸಿಸ್ಟಂನದಾ, ಪೈಪಿಐನಲ್ಲಿರುವ ಬೇರೆ ಪ್ಯಾಕೇಜಿನದಾ, ನಿಮ್ಮದಾ? ಮೂರನೆಯ ಗುಂಪು ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು.

ಓಪನ್‌ಎಸ್‌ಎಸ್‌ಎಲ್ ಅನ್ನು ಈ ಪ್ರಶ್ನೆಗೆ ಒಡ್ಡಿ ನೋಡಿ. ನೀವು ಅದನ್ನು ಬಳಸುವುದು ಲೈಸೆನ್ಸ್ ಕೀಯ ಸಹಿ ಸರಿಯಿದೆಯಾ ಎಂದು ನೋಡಲು ಮಾತ್ರ. ಅಷ್ಟಕ್ಕೆ ಅಷ್ಟು ದೊಡ್ಡದನ್ನು ಹೊತ್ತುಕೊಂಡು ತಿರುಗುವುದು ದಂಡ. ಅದರ ಲೈಸೆನ್ಸ್ ತೊಡಕಲ್ಲ. 2021ರಲ್ಲಿ ಬಂದ 3.0ರಿಂದ ಅದು ಅಪಾಚೆ 2.0ಕ್ಕೆ ಬದಲಾಗಿದೆ. ತೊಡಕಿರುವುದು ಅದರ ತಿದ್ದುಪಡಿಗಳಲ್ಲಿ. ಪ್ರತಿ ಬಾರಿ ಗಂಭೀರ ದೋಷ ಸಿಕ್ಕಾಗಲೂ ನೀವು ಹೊಸ ವೀಲ್ ಬಿಡಬೇಕು. ಮತ್ತೊಂದು ತೊಡಕೂ ಇದೆ. ಪೈಥಾನ್‌ನ ಎಸ್‌ಎಸ್‌ಎಲ್ ಮಾಡ್ಯೂಲ್ ಕೂಡ ಓಪನ್‌ಎಸ್‌ಎಸ್‌ಎಲ್ ಲೋಡ್ ಮಾಡುತ್ತದೆ. ಆಗ ಒಂದೇ ಪ್ರಾಸೆಸ್ ಒಳಗೆ ಅದರ ಎರಡು ಪ್ರತಿ.

ಇದು ಸುಮ್ನೆ ಹೆದರಿಸುವ ಮಾತಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಸಂಪರ್ಕ ಕೊಡುವ ಸೈಕೊಪಿಜಿ2 ಎಂಬ ಹೆಸರಾಂತ ಪ್ಯಾಕೇಜ್‌ಗೆ ಇದೇ ಆಯಿತು. ಅವರ ವೀಲ್ ತನ್ನದೇ ಲಿಬ್‌ಎಸ್‌ಎಸ್‌ಎಲ್ ಪ್ರತಿಯನ್ನು ಹೊತ್ತು ತರುತ್ತಿತ್ತು. ಹಲವು ಥ್ರೆಡ್‌ಗಳು ಒಟ್ಟಿಗೆ ಓಡುವಾಗ ಅದಕ್ಕೂ ಪೈಥಾನ್‌ನ ಎಸ್‌ಎಸ್‌ಎಲ್‌ಗೂ ತಾಕಲಾಟ ಆಗಿ ಕೆಲವೊಮ್ಮೆ ಪ್ರಾಸೆಸ್ ಸೆಗ್‌ಫಾಲ್ಟ್ ಆಗಿ ಬೀಳುತ್ತಿತ್ತು. ಕೊನೆಗೆ ಅವರು ಬೈನರಿಯನ್ನು ಸೈಕೊಪಿಜಿ2-ಬೈನರಿ ಎಂಬ ಬೇರೆ ಹೆಸರಿಗೆ ಸರಿಸಿದರು. ಲಿನಕ್ಸ್‌ಗೆ ಮೂಲ ಹೆಸರಿನಲ್ಲಿ ಸೋರ್ಸ್‌ನಿಂದ ಬಿಲ್ಡ್ ಆಗುವುದನ್ನೇ ಉಳಿಸಿದರು. ಎರಡು ಹೆಸರು ಯಾಕೆ ಎಂದು ತಲೆ ಕೆರೆದುಕೊಂಡವರಿಗೆ ಉತ್ತರ ಇದೇ.

ನಿಮ್ಮ ಮುಂದೆ ಎರಡು ದಾರಿ ಇವೆ. ಸಹಿ ಪರಿಶೀಲನೆಯನ್ನು ಪೈಥಾನ್ ಕಡೆಗೆ ತಂದು ಪೈಪಿಐನ ಕ್ರಿಪ್ಟೋಗ್ರಫಿ ಪ್ಯಾಕೇಜ್ ಮೇಲೆ ಡಿಪೆಂಡೆನ್ಸಿ ಹಾಕಬಹುದು. ಅವರ ವೀಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಸ್ಟ್ಯಾಟಿಕ್ ಆಗಿ ಇದೆ, ತಿದ್ದುಪಡಿ ಬಂದಾಗ ಅವರು ಹೊಸದು ಬಿಡುತ್ತಾರೆ. ಆದರೆ ಪೈಥಾನ್ ಕೋಡ್ ತಿದ್ದಿ ಪರಿಶೀಲನೆ ತಪ್ಪಿಸುವುದು ಸುಲಭ. ಅದು ಬೇಡವಾದರೆ ಲಿಬ್‌ಸೋಡಿಯಂ ತಗೊಳ್ಳಿ. ಐಎಸ್‌ಸಿ ಲೈಸೆನ್ಸ್, ಚಿಕ್ಕದು, ಎಡ್25519 ಸಹಿ ನೋಡಲು ಧಾರಾಳ ಸಾಕು. ಸ್ಟ್ಯಾಟಿಕ್ ಆಗಿ ಸೇರಿಸಿ. ನಾನಾದರೆ ಎರಡನೆಯದನ್ನು ಆರಿಸುತ್ತೇನೆ.

ಇನ್ನು ಲೈಸೆನ್ಸ್. ಜಿಪಿಎಲ್ ಇಲ್ಲ ಅಂದಮೇಲೆ ಎಂಐಟಿ, ಬಿಎಸ್‌ಡಿಯಂಥ ಸಡಿಲ ಲೈಸೆನ್ಸ್‌ಗಳ ಬಗ್ಗೆ ಯೋಚಿಸಬೇಕಿಲ್ಲ ಎಂದು ಬಹಳ ಜನ ಅಂದುಕೊಂಡಿದ್ದಾರೆ. ತಪ್ಪು. ಅವು ಸೋರ್ಸ್ ಕೇಳುವುದಿಲ್ಲ, ನಿಜ. ಆದರೆ ಬೈನರಿ ಕೊಡುವಾಗಲೂ ಕಾಪಿರೈಟ್ ಸಾಲುಗಳು ಮತ್ತು ಲೈಸೆನ್ಸ್ ಪಠ್ಯ ಜೊತೆಗೆ ಹೋಗಬೇಕು ಎಂದು ಕೇಳುತ್ತವೆ. ಲಿಬ್‌ಜೆಪೆಗ್-ಟರ್ಬೊ ಒಳಗೆ ಬಿಎಸ್‌ಡಿ ಜೊತೆಗೆ ಐಜೆಜಿ ಎಂಬ ಹಳೆಯ ಲೈಸೆನ್ಸ್ ಕೂಡ ಇದೆ. ಬೈನರಿ ಮಾತ್ರ ಕೊಡುವವರು ‘ಈ ಸಾಫ್ಟ್‌ವೇರ್‌ನ ಒಂದು ಭಾಗ ಇಂಡಿಪೆಂಡೆಂಟ್ ಜೆಪೆಗ್ ಗ್ರೂಪ್‌ನ ಕೆಲಸವನ್ನು ಆಧರಿಸಿದೆ’ ಎಂದು ತಮ್ಮ ಡಾಕ್ಯುಮೆಂಟೇಶನ್‌ನಲ್ಲಿ ಹೇಳಬೇಕು ಎಂಬುದು ಅದರ ಷರತ್ತು. ಒಂದು ಸಾಲು ಅಷ್ಟೇ. ಆದರೂ ಮರೆಯುವವರೇ ಜಾಸ್ತಿ. ಜಡ್‌ಲಿಬ್, ಬೂಸ್ಟ್ ಲೈಸೆನ್ಸ್‌ಗಳು ಬೈನರಿಗೆ ಇಷ್ಟನ್ನೂ ಕೇಳುವುದಿಲ್ಲ. ಹಾಗಿದ್ದರೂ ಎಲ್ಲವನ್ನೂ ಸೇರಿಸಿಬಿಡುವುದೇ ವಾಸಿ. ಯಾವುದು ಬೇಕು, ಯಾವುದು ಬೇಡ ಎಂದು ವಿಂಗಡಿಸುವ ಶ್ರಮ ಉಳಿಯುತ್ತದೆ.

ಐಗನ್ ವಿಷಯ ಸ್ವಲ್ಪ ಸೂಕ್ಷ್ಮ. ಅದು ಹೆಡರ್ ಫೈಲ್‌ಗಳು ಮಾತ್ರ ಇರುವ ಲೈಬ್ರರಿ. ವೀಲ್ ಬಿಚ್ಚಿ ನೋಡಿದರೆ ಅದರ ಹೆಸರಿನ ಫೈಲ್ ಒಂದೂ ಕಾಣುವುದಿಲ್ಲ. ಆದರೆ ಅದರ ಕೋಡ್ ಕಂಪೈಲ್ ಆಗಿ ನಿಮ್ಮ ಬೈನರಿಯೊಳಗೆ ಸೇರಿದೆ. ಲೈಸೆನ್ಸ್ ಎಂಪಿಎಲ್ 2.0. ನಿಮ್ಮ ಕೋಡ್ ಅನ್ನು ಅದು ಮುಟ್ಟುವುದಿಲ್ಲ. ಆದರೆ ‘ಇದರೊಳಗೆ ಐಗನ್ ಇದೆ, ಅದರ ಸೋರ್ಸ್ ಇಲ್ಲಿ ಸಿಗುತ್ತದೆ’ ಎಂದು ಬೈನರಿ ಪಡೆದವರಿಗೆ ತಿಳಿಸಬೇಕು. ಅದರ ಹೆಡರ್‌ಗಳನ್ನು ನೀವು ತಿದ್ದಿದ್ದರೆ ಆ ತಿದ್ದಿದ ಫೈಲ್‌ಗಳನ್ನೂ ಕೊಡಬೇಕು. ಮುಂದೆ ಹೇಳುವ ಆಡಿಟ್‌ವೀಲ್ ಎಂಬ ಸಾಧನಕ್ಕೆ ಹೆಡರ್ ಲೈಬ್ರರಿ, ಸ್ಟ್ಯಾಟಿಕ್ ಲೈಬ್ರರಿ ಎರಡೂ ಕಾಣುವುದಿಲ್ಲ. ಅದರ ಪಟ್ಟಿಯನ್ನೇ ನಂಬಿ ಲೈಸೆನ್ಸ್ ಫೈಲ್ ಬರೆದರೆ ಅರ್ಧ ಬಿಟ್ಟುಹೋಗುತ್ತದೆ. ಪಟ್ಟಿಯನ್ನು ಬಿಲ್ಡ್ ಸ್ಕ್ರಿಪ್ಟ್‌ನಿಂದ ತೆಗೆಯಿರಿ, ವೀಲ್‌ನಿಂದಲ್ಲ.

ಡಿಪೆಂಡೆನ್ಸಿಯೊಳಗಿನ ಡಿಪೆಂಡೆನ್ಸಿಯನ್ನೂ ಬಿಡಬೇಡಿ. 2021ರ ಮಾರ್ಚ್‌ನಲ್ಲಿ ರೂಬಿ ಭಾಷೆಯ ಲೋಕದಲ್ಲಿ ಆದದ್ದು ಇದೇ. ಮೈಮ್‌ಮ್ಯಾಜಿಕ್ ಎಂಬ ಚಿಕ್ಕ ಜೆಮ್ (ರೂಬಿ ಪ್ಯಾಕೇಜ್) ಎಂಐಟಿ ಲೈಸೆನ್ಸ್ ಎಂದು ಹೇಳಿಕೊಂಡಿತ್ತು. ಒಳಗಿದ್ದ ಫೈಲ್ ಬಗೆಗಳ ಪಟ್ಟಿ ಮಾತ್ರ ಶೇರ್ಡ್-ಮೈಮ್-ಇನ್ಫೊ ಎಂಬ ಜಿಪಿಎಲ್ ಯೋಜನೆಯದು. ಅದು ಗಮನಕ್ಕೆ ಬಂದಾಗ ಹಳೆಯ ಆವೃತ್ತಿಗಳನ್ನು ಹಿಂತೆಗೆದರು, ಹೊಸದನ್ನು ಜಿಪಿಎಲ್ ಅಡಿ ಬಿಟ್ಟರು. ರೈಲ್ಸ್ ಎಂಬ ವೆಬ್ ಫ್ರೇಮ್‌ವರ್ಕ್ ಈ ಜೆಮ್ ಮೇಲೆ ಪರೋಕ್ಷವಾಗಿ ನಿಂತಿತ್ತು. ಎಷ್ಟೋ ಕಂಪನಿಗಳ ಬಿಲ್ಡ್ ಮುರಿದುಬಿತ್ತು. ರೈಲ್ಸ್ ತಂಡ ಡಿಪೆಂಡೆನ್ಸಿಯನ್ನೇ ಬದಲಿಸಿ ಹೊಸ ಆವೃತ್ತಿ ಬಿಡಬೇಕಾಯಿತು.

ಈ ಲೈಸೆನ್ಸ್ ಪಠ್ಯಗಳನ್ನೆಲ್ಲ ಇಡುವುದೆಲ್ಲಿ? ಪೆಪ್ 639 ಎಂಬ ಪೈಥಾನ್ ಮಾನದಂಡ ಇದಕ್ಕೆ ಜಾಗ ಕೊಟ್ಟಿದೆ. ವೀಲ್‌ನ ಡಿಸ್ಟ್-ಇನ್ಫೊ ಫೋಲ್ಡರ್ ಒಳಗೆ ಲೈಸೆನ್ಸಸ್ ಎಂಬ ಫೋಲ್ಡರ್. ಮೆಟಾಡೇಟಾದಲ್ಲಿ ಒಂದು ಸಾಲಿನ ಲೈಸೆನ್ಸ್ ವಿವರವನ್ನೂ ಬರೆಯಬಹುದು. ಮಾದರಿ ಬೇಕಿದ್ದರೆ ನಂಪೈ ಎಂಬ ಗಣಿತ ಪ್ಯಾಕೇಜಿನ ವೀಲ್ ಬಿಚ್ಚಿ ನೋಡಿ. ಅದರೊಳಗೆ ಓಪನ್‌ಬ್ಲಾಸ್, ಜಿಸಿಸಿಯ ಫೋರ್ಟ್ರಾನ್ ಲೈಬ್ರರಿ ಮುಂತಾದವು ಇವೆ. ಅವುಗಳ ಹೆಸರು, ಲೈಸೆನ್ಸ್ ಪಠ್ಯ ಎಲ್ಲವನ್ನೂ ಅಚ್ಚುಕಟ್ಟಾಗಿ ಸೇರಿಸಿದ್ದಾರೆ.

ಎಫ್‌ಎಫ್‌ಎಂಪೆಗ್‌ನ ಎಲ್‌ಜಿಪಿಎಲ್ ಇದಕ್ಕಿಂತ ಹೆಚ್ಚು ಕೇಳುತ್ತದೆ. ಗ್ರಾಹಕರು ಆ ಲೈಬ್ರರಿಯನ್ನು ತಾವೇ ತಿದ್ದಿ, ನಿಮ್ಮದರ ಜಾಗದಲ್ಲಿ ತಮ್ಮದನ್ನು ಹಾಕಿ ನಡೆಸಲು ಸಾಧ್ಯವಾಗಬೇಕು ಎಂಬುದು ಅದರ ತಿರುಳು. ಡೈನಮಿಕ್ ಆಗಿರಲಿ ಎಂದದ್ದು ಇದಕ್ಕೇ. ಸ್ಟ್ಯಾಟಿಕ್ ಆಗಿ ಸೇರಿಸಿದರೆ ಅವರು ಮತ್ತೆ ಲಿಂಕ್ ಮಾಡಿಕೊಳ್ಳಲು ನಿಮ್ಮ ಆಬ್ಜೆಕ್ಟ್ ಫೈಲ್‌ಗಳನ್ನು ಕೊಡಬೇಕಾಗುತ್ತದೆ. ಬೇಡದ ರಗಳೆ. ಡೈನಮಿಕ್ ಆಗಿದ್ದರೆ ಒಂದು ಫೈಲ್ ತೆಗೆದು ಇನ್ನೊಂದು ಇಟ್ಟರೆ ಆಯಿತು.

ನೀವು ಬಿಲ್ಡ್ ಮಾಡಿದ ಅದೇ ಆವೃತ್ತಿಯ ಎಫ್‌ಎಫ್‌ಎಂಪೆಗ್ ಸೋರ್ಸ್, ನಿಮ್ಮ ತಿದ್ದುಪಡಿಗಳೇನಾದರೂ ಇದ್ದರೆ ಅವು, ಕಾನ್ಫಿಗರ್ ಆಯ್ಕೆಗಳು ಇವಿಷ್ಟನ್ನೂ ಕೊಡಬೇಕು. ‘ಮೂಲ ಯೋಜನೆಯ ಸೈಟ್‌ನಲ್ಲಿ ಇದೆಯಲ್ಲ’ ಎಂದು ಕೈ ತೊಳೆದುಕೊಳ್ಳಬೇಡಿ. ಆ ಟಾರ್‌ಬಾಲನ್ನು ನಿಮ್ಮ ಸರ್ವರ್‌ನಲ್ಲೇ ಇಟ್ಟು ಲೈಸೆನ್ಸ್ ಫೈಲ್‌ನಲ್ಲಿ ಕೊಂಡಿ ಕೊಡಿ. ಜೊತೆಗೆ, ಕೇಳಿದವರಿಗೆ ಕನಿಷ್ಠ ಮೂರು ವರ್ಷ ಸೋರ್ಸ್ ಕೊಡುತ್ತೇವೆ ಎಂಬ ಲಿಖಿತ ಮಾತನ್ನೂ ಸೇರಿಸಿ. ಎಲ್‌ಜಿಪಿಎಲ್ 2.1ರ ಆರನೇ ಕಲಮಿನಲ್ಲೇ ಆ ಆಯ್ಕೆ ಇದೆ.

ನಿಮ್ಮ ಗ್ರಾಹಕರ ಒಪ್ಪಂದವನ್ನೂ ಒಮ್ಮೆ ತೆಗೆದು ಓದಿ. ಎಲ್ಲಿಂದಲೋ ಕಾಪಿ ಮಾಡಿದ ಒಪ್ಪಂದಗಳಲ್ಲಿ ‘ರಿವರ್ಸ್ ಎಂಜಿನಿಯರಿಂಗ್ ಪೂರ್ತಿ ನಿಷೇಧ’ ಎಂಬ ಸಾಲು ಇದ್ದೇ ಇರುತ್ತದೆ. ತಾವು ತಿದ್ದಿದ ಲೈಬ್ರರಿಯೊಂದಿಗೆ ನಿಮ್ಮದು ಕೆಲಸ ಮಾಡದಿದ್ದಾಗ ಡಿಬಗ್ ಮಾಡಲು ಗ್ರಾಹಕರಿಗೆ ಅವಕಾಶ ಇರಬೇಕು ಎನ್ನುತ್ತದೆ ಎಲ್‌ಜಿಪಿಎಲ್. ಆ ಸಾಲಿಗೆ ಒಂದು ವಿನಾಯಿತಿ ಸೇರಿಸಿ.

ಈಗ ಜಿಲಿಬ್‌ಸಿ. ಲಿನಕ್ಸ್‌ನಲ್ಲಿ ಹಳೆಯ ಯಂತ್ರದಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ, ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡುವ ಭರವಸೆ ಇಲ್ಲ. ಉಬುಂಟು 22.04ರಲ್ಲಿ ಇರುವುದು ಜಿಲಿಬ್‌ಸಿ 2.35. ರೆಡ್ ಹ್ಯಾಟ್ 8ರಲ್ಲಿ 2.28. ದೋಷದಲ್ಲಿ 2.35 ಬಿಟ್ಟು 2.34 ಎಂದು ಯಾಕೆ ಬಂತು ಎಂಬುದು ಸ್ವಾರಸ್ಯದ ವಿಷಯ. ಥ್ರೆಡ್‌ಗಳನ್ನು ನೋಡಿಕೊಳ್ಳುವ ಲಿಬ್‌ಪಿಥ್ರೆಡ್ ಮೊದಲು ಬೇರೆ ಫೈಲ್ ಆಗಿತ್ತು. 2021ರಲ್ಲಿ ಬಂದ 2.34ರಲ್ಲಿ ಅದನ್ನು ಮುಖ್ಯ ಲೈಬ್ರರಿಯೊಳಗೆ ಸೇರಿಸಿದರು. ಆಗ ಥ್ರೆಡ್ ಶುರು ಮಾಡುವಂಥ ಫಂಕ್ಷನ್‌ಗಳಿಗೆ 2.34 ಎಂಬ ಹೊಸ ಚೀಟಿ ಅಂಟಿತು. ನಿಮ್ಮ ಕೋಡ್‌ನಲ್ಲಿ ಒಂದು ಥ್ರೆಡ್ ಇದ್ದರೂ ಸಾಕು, ಹೊಸ ಯಂತ್ರದಲ್ಲಿ ಕಟ್ಟಿದ ಬೈನರಿ 2.34 ಬೇಕೆನ್ನುತ್ತದೆ.

ಪರಿಹಾರ: ಹಳೆಯ ಯಂತ್ರದಲ್ಲಿ ಕಟ್ಟಿ. ಅದಕ್ಕೆಂದೇ ಮೆನಿಲಿನಕ್ಸ್ ಎಂಬ ಡಾಕರ್ ಇಮೇಜ್‌ಗಳಿವೆ, ಅಂದರೆ ಸಿದ್ಧಪಡಿಸಿಟ್ಟ ಬಿಲ್ಡ್ ಪರಿಸರಗಳು. 2016ರಲ್ಲಿ ಮೊದಲನೆಯದು ಬಂದಾಗ ಅದಕ್ಕೆ ಆಧಾರ ಸೆಂಟ್‌ಒಎಸ್ 5 ಎಂಬ ಹಳೆಯ ಲಿನಕ್ಸ್. ನಿಮಗೆ ಬೇಕಾದದ್ದು ಮೆನಿಲಿನಕ್ಸ್ 2_28. ಅದು ಆಲ್ಮಾಲಿನಕ್ಸ್ 8ರ ಮೇಲೆ ನಿಂತಿದೆ. ಹೆಸರಿನಲ್ಲಿರುವ 2_28 ಎಂದರೆ ಜಿಲಿಬ್‌ಸಿ 2.28 ಅಥವಾ ಹೊಸದು ಇರುವ ಎಲ್ಲೆಡೆ ಓಡುತ್ತದೆ ಎಂದರ್ಥ. ಇಮೇಜ್ ಹಳೆಯದಾದರೂ ಕಂಪೈಲರ್ ಹೊಸದೇ ಇದೆ, ಹೊಸ ಸಿ++ ಬರೆಯಲು ಅಡ್ಡಿಯಿಲ್ಲ. ನಿಮ್ಮ ಕೋಡ್ ಒಂದನ್ನೇ ಅಲ್ಲ, ಎಫ್‌ಎಫ್‌ಎಂಪೆಗ್, ಲಿಬ್‌ಜೆಪೆಗ್-ಟರ್ಬೊ ಎಲ್ಲವನ್ನೂ ಆ ಇಮೇಜ್ ಒಳಗೇ ಬಿಲ್ಡ್ ಮಾಡಬೇಕು. ಸಿಐಬಿಲ್ಡ್‌ವೀಲ್ ಎಂಬ ಸಾಧನ ಇದನ್ನೆಲ್ಲ ತಾನೇ ನಡೆಸುತ್ತದೆ, ಬೇರೆ ಬೇರೆ ಪೈಥಾನ್ ಆವೃತ್ತಿಗಳಿಗೂ.

ಕಾಪಿ ಮಾಡುವ ಕೆಲಸವನ್ನು ಕೈಯಿಂದ ಮಾಡಬೇಡಿ. ಆಡಿಟ್‌ವೀಲ್‌ಗೆ ಬಿಡಿ. ಅದು ನಿಮ್ಮ ಬೈನರಿಗೆ ಏನೇನು ಬೇಕೆಂದು ನೋಡುತ್ತದೆ. ಎಲ್ಲ ಲಿನಕ್ಸ್‌ನಲ್ಲೂ ಇರುವಂಥವನ್ನು ಬಿಟ್ಟು ಉಳಿದವನ್ನು ವೀಲ್ ಒಳಗೆ ತರುತ್ತದೆ. ಫೈಲ್ ಹೆಸರಿಗೆ ಒಂದು ಹ್ಯಾಶ್ ಬಾಲ ಅಂಟಿಸಿ, ನಿಮ್ಮ ಬೈನರಿ ಅದನ್ನೇ ಹುಡುಕುವಂತೆ ದಾರಿ ತಿದ್ದುತ್ತದೆ. ಇನ್ನೊಂದು ಪ್ಯಾಕೇಜ್ ಬೇರೆ ಆವೃತ್ತಿಯ ಲಿಬ್‌ಎವಿಕೊಡೆಕ್ ತಂದರೂ ಎರಡರ ಹೆಸರು ಬೇರೆಯಾಗಿರುತ್ತದೆ. ‘ಹೆಸರು ಬದಲಿಸಿದರೆ ಎಫ್‌ಎಫ್‌ಎಂಪೆಗ್‌ನವರು ಒಪ್ಪುತ್ತಾರಾ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಗುರುತೇ ಸಿಗದಂತೆ ಹೆಸರು ಬದಲಿಸಬೇಡಿ, ಹಿಂದೆ ಮುಂದೆ ಏನಾದರೂ ಸೇರಿಸಿದರೆ ಪರವಾಗಿಲ್ಲ ಎಂದು ಅವರ ಕಾನೂನು ಪುಟವೇ ಹೇಳುತ್ತದೆ. ಹ್ಯಾಶ್ ಬಾಲ ಅಷ್ಟರೊಳಗೇ ಬರುತ್ತದೆ.

ಹೆಸರು ಬೇರೆಯಾದರೂ ಒಳಗಿನ ಫಂಕ್ಷನ್ ಹೆಸರುಗಳು ಡಿಕ್ಕಿ ಹೊಡೆಯಬಹುದು. ಆದ್ದರಿಂದ ನಿಮ್ಮ ಕೋಡ್ ಅನ್ನು ‘ವಿಸಿಬಿಲಿಟಿ ಹಿಡನ್’ ಆಯ್ಕೆಯೊಂದಿಗೆ ಕಂಪೈಲ್ ಮಾಡಿ. ಸ್ಟ್ಯಾಟಿಕ್ ಲೈಬ್ರರಿಗಳಿಂದ ಬಂದ ಹೆಸರುಗಳನ್ನೂ ಲಿಂಕರ್‌ಗೆ ಹೇಳಿ ಮುಚ್ಚಿ. ಅದಕ್ಕೆ ‘ಎಕ್ಸ್‌ಕ್ಲೂಡ್ ಲಿಬ್ಸ್’ ಎಂಬ ಆಯ್ಕೆ ಇದೆ. ಪೈಥಾನ್ ಕರೆಯುವ ಒಂದೇ ಒಂದು ಇನಿಶಿಯಲೈಸ್ ಫಂಕ್ಷನ್ ಹೊರಗೆ ಕಂಡರೆ ಸಾಕು.

ವಿಂಡೋಸ್‌ಗೆ ಡೆಲ್ವ್‌ವೀಲ್, ಮ್ಯಾಕ್‌ಗೆ ಡೆಲೊಕೇಟ್ ಇದೇ ಕೆಲಸ ಮಾಡುತ್ತವೆ. ಆಲ್ಪೈನ್ ಲಿನಕ್ಸ್‌ನಲ್ಲಿ ಜಿಲಿಬ್‌ಸಿಯೇ ಇಲ್ಲ, ಅದಕ್ಕೆ ಮಸಲ್‌ಲಿನಕ್ಸ್ ಎಂಬ ಬೇರೆ ವೀಲ್ ಕಟ್ಟಬೇಕು. ಗ್ರಾಹಕರು ಕೇಳುವ ತನಕ ಆ ಗೋಜಿಗೆ ಹೋಗಬೇಡಿ.

ನೀವು ಸೋರ್ಸ್ ಪ್ಯಾಕೇಜ್ ಕೊಡುವುದಿಲ್ಲವಾದ್ದರಿಂದ ಒಂದು ಫೋನ್ ಕರೆ ಗ್ಯಾರಂಟಿ ಬರುತ್ತದೆ: ‘ಪಿಪ್‌ಗೆ ನಿಮ್ಮ ಪ್ಯಾಕೇಜೇ ಸಿಗುತ್ತಿಲ್ಲ.’ ಹೊಂದುವ ವೀಲ್ ಇಲ್ಲದಿದ್ದಾಗ ಪಿಪ್ ಹೇಳುವುದು ಇಷ್ಟೇ, ಕಾರಣ ಹೇಳುವುದಿಲ್ಲ. ಮೊದಲು ಪಿಪ್ ಆವೃತ್ತಿ ಕೇಳಿ. 20.3ಕ್ಕಿಂತ ಹಳೆಯದಕ್ಕೆ 2_28 ಎಂಬ ಹೆಸರೇ ಅರ್ಥವಾಗುವುದಿಲ್ಲ. ಆಮೇಲೆ ಪೈಥಾನ್ ಆವೃತ್ತಿ, ಆಮೇಲೆ ಯಂತ್ರದ ಪ್ರಾಸೆಸರ್ ಎಆರ್‌ಎಂ ಇರಬಹುದಾ ಎಂದು ನೋಡಿ. ‘ಪಿಪ್ ಡಿಬಗ್’ ಕಮಾಂಡ್‌ಗೆ ವರ್ಬೋಸ್ ಆಯ್ಕೆ ಹಾಕಿದರೆ ಆ ಯಂತ್ರ ಯಾವ ಯಾವ ವೀಲ್ ಒಪ್ಪುತ್ತದೆ ಎಂಬ ಪಟ್ಟಿ ಬರುತ್ತದೆ. ಅದನ್ನು ಕಳುಹಿಸಲು ಹೇಳಿದರೆ ಅರ್ಧ ಕರೆಗಳು ಅಲ್ಲಿಗೇ ಮುಗಿಯುತ್ತವೆ.

ವೀಲ್ ಬಿಟ್ಟ ಮೇಲೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ಲಿಬ್‌ವೆಬ್‌ಪಿ ಎಂಬ ಚಿತ್ರದ ಲೈಬ್ರರಿಯಲ್ಲಿ ಗಂಭೀರ ದೋಷ ಸಿಕ್ಕಿತು. ಅದರ ಗುರುತು ಸಂಖ್ಯೆ ಸಿವಿಇ-2023-4863. ಡೆಬಿಯನ್, ಉಬುಂಟುಗಳಲ್ಲಿ ಒಂದು ಪ್ಯಾಕೇಜ್ ಅಪ್‌ಡೇಟ್ ಮಾಡಿದರೆ ಯಂತ್ರದ ಲಿಬ್‌ವೆಬ್‌ಪಿ ಸರಿಹೋಯಿತು. ಆದರೆ ಪಿಪ್‌ನಿಂದ ಬಂದ ಪಿಲ್ಲೊ ಎಂಬ ಚಿತ್ರ ಪ್ಯಾಕೇಜ್ ಒಳಗೆ ಅದರದ್ದೇ ಪ್ರತಿ ಇತ್ತು. ಆ ಅಪ್‌ಡೇಟ್ ಅದನ್ನು ಮುಟ್ಟಲೇ ಇಲ್ಲ. ಪಿಲ್ಲೊ ತಂಡ ಕೆಲವೇ ದಿನಗಳಲ್ಲಿ 10.0.1 ಬಿಟ್ಟಿತು. ನಿಮ್ಮ ಎಫ್‌ಎಫ್‌ಎಂಪೆಗ್‌ಗೆ ನಾಳೆ ಹೀಗಾದರೆ ಎಷ್ಟು ದಿನದಲ್ಲಿ ಹೊಸ ವೀಲ್ ಬಿಡುತ್ತೀರಿ? ಆ ಬಿಲ್ಡ್ ಒಂದು ಬಟನ್ ಒತ್ತಿದರೆ ಆಗುವಂತಿರಬೇಕು, ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಆಗುವಂತಿರಬಾರದು.

ನಿಮ್ಮ ಕೋಡ್ ಒಂದಕ್ಷರ ಬದಲಾಗದಿದ್ದರೂ ಆವೃತ್ತಿ ಸಂಖ್ಯೆ ಏರಿಸಿ. 1.4.2 ಇದ್ದದ್ದು 1.4.3 ಆಗಲಿ. ‘ಪೋಸ್ಟ್1’ ಎಂದು ಸೇರಿಸುವ ರೂಢಿ ಇದೆ. ಆದರೆ 1.4.2 ಎಂದು ಕಟ್ಟಿಹಾಕಿಕೊಂಡ ಗ್ರಾಹಕರಿಗೆ ಅದು ಹೇಗೂ ಹೋಗುವುದಿಲ್ಲ. ವೀಲ್ ಹೆಸರಿನಲ್ಲಿ ಬಿಲ್ಡ್ ಸಂಖ್ಯೆ ಹಾಕುವ ಅವಕಾಶವೂ ಇದೆ. ಅದಂತೂ ಬೇಡವೇ ಬೇಡ. ಒಂದೇ ಆವೃತ್ತಿಯ ಎರಡು ಬಗೆ ಓಡಾಡುತ್ತವೆ, ಯಾರ ಹತ್ತಿರ ಯಾವುದಿದೆ ಎಂದು ಫೋನ್‌ನಲ್ಲಿ ಪತ್ತೆ ಹಚ್ಚಲು ಆಗುವುದಿಲ್ಲ.

ಇದರ ಜೊತೆಗೆ ಎಸ್‌ಬಾಮ್ ಕೊಡಿ, ಅಂದರೆ ಒಳಗೆ ಏನೇನು ಯಾವ ಆವೃತ್ತಿಯಲ್ಲಿದೆ ಎಂಬ ಪಟ್ಟಿ. ಪೆಪ್ 770 ಇದಕ್ಕೂ ಡಿಸ್ಟ್-ಇನ್ಫೊ ಒಳಗೆ ಫೋಲ್ಡರ್ ಗುರುತಿಸಿದೆ. ನಮ್ಮ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರಲ್ಲಿ ಎಸ್‌ಬಾಮ್ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಸರ್ಕಾರಿ ಅಥವಾ ಬ್ಯಾಂಕ್ ಗ್ರಾಹಕರು ಬಂದರೆ ಮೊದಲು ಕೇಳುವುದೇ ಇದನ್ನು.

ಪೈಪಿಐ ಅಥವಾ ನಿಮ್ಮ ಸರ್ವರ್? ಮುಚ್ಚಿದ ಸೋರ್ಸ್‌ನ ಪ್ಯಾಕೇಜನ್ನೂ ಪೈಪಿಐ ಒಪ್ಪುತ್ತದೆ. ಒಂದು ಫೈಲ್‌ಗೆ 100 ಎಂಬಿ ಮಿತಿ ಇದೆ, ಹೆಚ್ಚು ಬೇಕಾದರೆ ಕೇಳಿ ಪಡೆಯಬೇಕು. ಒಮ್ಮೆ ಹಾಕಿದ ಫೈಲ್ ಅಳಿಸಿದರೂ ಅದೇ ಹೆಸರಿನಲ್ಲಿ ಮತ್ತೆ ಹಾಕಲು ಬಿಡುವುದಿಲ್ಲ. ಯಾರು ಬೇಕಾದರೂ ಡೌನ್‌ಲೋಡ್ ಮಾಡಬಹುದು, ಮಿರರ್‌ಗಳಿಗೂ ಹೋಗುತ್ತದೆ. ನಿಮ್ಮ ಲೈಬ್ರರಿ ಕೀ ಇಲ್ಲದೆ ಓಡುವುದಿಲ್ಲವಾದ್ದರಿಂದ ಇದರಲ್ಲಿ ನಷ್ಟ ಕಾಣುವುದಿಲ್ಲ. ನನ್ನ ಮತ ಪೈಪಿಐಗೆ.

ಸ್ವಂತ ಸರ್ವರ್ ಇಡುವುದು ಕಷ್ಟವೇನಲ್ಲ. ಪಿಪ್‌ಗೆ ಬೇಕಾದದ್ದು ಕೊಂಡಿಗಳಿರುವ ಸಾದಾ ಎಚ್‌ಟಿಎಂಎಲ್ ಪುಟಗಳು ಮಾತ್ರ. ಅಪಾಯ ಬೇರೆ ಕಡೆ ಇದೆ. ಗ್ರಾಹಕರು ‘ಎಕ್ಸ್‌ಟ್ರಾ ಇಂಡೆಕ್ಸ್’ ಆಯ್ಕೆಯಲ್ಲಿ ನಿಮ್ಮ ವಿಳಾಸ ಹಾಕಿದರೆ ಪಿಪ್ ಎರಡೂ ಕಡೆ ಹುಡುಕುತ್ತದೆ. ನಿಮ್ಮದೇ ಹೆಸರಿನ ಪ್ಯಾಕೇಜನ್ನು ಬೇರೆಯವರು ಪೈಪಿಐಗೆ ಹಾಕಿದ್ದರೆ ಅದೇ ಬಂದು ಕೂರಬಹುದು. 2022ರ ಡಿಸೆಂಬರ್ ಕೊನೆಯಲ್ಲಿ ಪೈಟಾರ್ಚ್ ಎಂಬ ಎಐ ಲೈಬ್ರರಿಯ ನೈಟ್ಲಿ (ದಿನವೂ ಕಟ್ಟುವ ಪರೀಕ್ಷಾ) ಆವೃತ್ತಿ ಬಳಸುವವರಿಗೆ ಹೀಗೇ ಆಯಿತು. ಟಾರ್ಚ್‌ಟ್ರೈಟನ್ ಎಂಬ ಡಿಪೆಂಡೆನ್ಸಿ ಪೈಟಾರ್ಚ್‌ನ ಸ್ವಂತ ಇಂಡೆಕ್ಸ್‌ನಲ್ಲಿತ್ತು. ಯಾರೋ ಅದೇ ಹೆಸರಿನಲ್ಲಿ ಕೆಟ್ಟ ಕೋಡ್ ಅನ್ನು ಪೈಪಿಐಗೆ ಹಾಕಿದರು. 25ರಿಂದ 30ರ ನಡುವೆ ಇನ್‌ಸ್ಟಾಲ್ ಮಾಡಿದವರಿಗೆ ಅದು ಬಂತು, ಅವರ ಯಂತ್ರದ ಮಾಹಿತಿ ಹೊರಗೆ ಹೋಯಿತು. ಆದ್ದರಿಂದ ಸ್ವಂತ ಸರ್ವರ್ ಆದರೆ ಎರಡು ಹೆಜ್ಜೆಯ ಸೂಚನೆ ಕೊಡಿ. ಮೊದಲು ನಂಪೈಯಂಥ ಡಿಪೆಂಡೆನ್ಸಿಗಳನ್ನು ಪೈಪಿಐನಿಂದ, ಆಮೇಲೆ ನಿಮ್ಮದೊಂದನ್ನೇ ‘ಇಂಡೆಕ್ಸ್’ ಆಯ್ಕೆಯಲ್ಲಿ ನಿಮ್ಮ ವಿಳಾಸ ಕೊಟ್ಟು, ಡಿಪೆಂಡೆನ್ಸಿ ಹುಡುಕಬೇಡ ಎಂದು ಹೇಳಿ.

ಕೊನೆಗೆ, ನೀವು ಕೇಳದಿದ್ದರೂ ಹೇಳಲೇಬೇಕಾದದ್ದು. ಎಕ್ಸ್264 ಇರುವ ಆ ವೀಲ್ ಈಗಾಗಲೇ ಒಬ್ಬ ಗ್ರಾಹಕರ ಕೈಯಲ್ಲಿದೆ. ಅದು ಅವರ ಯಂತ್ರದಲ್ಲಿ ಓಡಲಿಲ್ಲ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಕೊಟ್ಟಿದ್ದೀರಿ ಎಂಬುದಷ್ಟೇ ಲೆಕ್ಕ. ಜಿಪಿಎಲ್ 2ರ ಪ್ರಕಾರ ಷರತ್ತು ಮುರಿದ ಕ್ಷಣವೇ ಹಂಚುವ ಹಕ್ಕು ತಾನಾಗಿ ಹೋಗುತ್ತದೆ. ಜಿಪಿಎಲ್ 3 ಸ್ವಲ್ಪ ಮೃದು. ತಪ್ಪು ನಿಲ್ಲಿಸಿದರೆ ಹಕ್ಕು ಮರಳಿ ಸಿಗುವ ದಾರಿ ಅದರಲ್ಲಿದೆ. ಎಕ್ಸ್264, ಎಕ್ಸ್265 ಎರಡೂ ‘2 ಅಥವಾ ನಂತರದ್ದು’ ಎಂಬ ಲೈಸೆನ್ಸಿನಲ್ಲಿವೆ. ಹಾಗಾಗಿ ನಿಮ್ಮ ವಕೀಲರು ಆ ದಾರಿ ಪರಿಶೀಲಿಸಬಹುದು. ನೀವು ಇವತ್ತೇ ಮಾಡಬೇಕಾದದ್ದು ಇಷ್ಟು: ಆ ವೀಲ್ ಅಳಿಸುವಂತೆ ಗ್ರಾಹಕರಿಗೆ ಬರೆಯಿರಿ, ಅಳಿಸಿದ್ದೇವೆ ಎಂಬ ಉತ್ತರವನ್ನು ಇಟ್ಟುಕೊಳ್ಳಿ, ನಿಮ್ಮ ಡೌನ್‌ಲೋಡ್ ಕೊಂಡಿಯನ್ನೂ ಮುಚ್ಚಿ. ಹೊಸ ವೀಲ್ ಅದಾದ ಮೇಲೆ.